ಇಪ್ಪತ್ತನಾಲ್ಕನೆಯ ತಲೆ

ಆ ವರ್ಷ ನೆಟ್ಟಿ ಪುಲ್ವರ್‌ಗೆ ಒಂದು ಸೇಬು ಕಡಿಮೆ ಬಿತ್ತು.

ಹ್ಯಾಲೋವೀನ್‌ಗೆ ಮುಂಚಿನ ಶನಿವಾರ ರೈತ ಸಂಘದ ಹಾಲ್‌ನಲ್ಲಿ ಸುಗ್ಗಿಯೂಟ. ಬಾಗಿಲಿಗೆ ಮುಸುಕಿನ ಜೋಳದ ದಂಟು ಕಟ್ಟುವವರು ಒಬ್ಬರು, ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಮೆಟ್ಟಿಲಿಗೆ ಸಾಲಾಗಿ ಇಡುವವರು ಇನ್ನೊಬ್ಬರು. ಶಾಲೆಯ ಮಕ್ಕಳು ಜಾಳು ಬಟ್ಟೆಗೆ ಗಂಜಿ ಹಾಕಿ, ಬಾಟಲಿಯ ಮೇಲೆ ಒಣಗಿಸಿ, ಒಳಗೆ ಏನೂ ಇಲ್ಲದೆ ತಾವಾಗಿ ನಿಲ್ಲುವ ದೆವ್ವಗಳನ್ನು ಮಾಡಿ ತರುತ್ತಿದ್ದರು. ಆದರೆ ಜನ ಒಳಗೆ ಕಾಲಿಟ್ಟ ಕೂಡಲೇ ಹುಡುಕುತ್ತಿದ್ದದ್ದು ಪುಲ್ವರ್ ಅಕ್ಕತಂಗಿಯರ ಗೊಂಬೆಗಳನ್ನು. ಹನ್ನೆರಡು ಮೇಜು, ಮೇಜಿಗೊಂದು ಜೋಡಿ, ಒಟ್ಟು ಇಪ್ಪತ್ತನಾಲ್ಕು ಮುದುಕ-ಮುದುಕಿಯರು. ತಂತಿಯ ಮೈ, ತೆನೆಸಿಪ್ಪೆಯ ಲಂಗ ಇಲ್ಲವೇ ಹಳೇ ಪ್ಯಾಂಟಿನ ತುಂಡು, ಮೇಲೆ ಒಣಗಿದ ಸೇಬಿನ ತಲೆ.

ತಲೆ ಕೆತ್ತುವುದು ತಂಗಿ ನೆಟ್ಟಿಯ ಪಾಲು, ಬಟ್ಟೆ ಹೊಲಿಯುವುದು ಅಕ್ಕ ಆರ್ಫಾಳ ಪಾಲು. ಸೇಬಿನ ಸಿಪ್ಪೆ ತೆಗೆದು, ಕಣ್ಣಿನ ಗುಳಿ, ಮೂಗಿನ ದಿಂಡು, ಬಾಯಿಯ ಗೀಟು ಆಳವಾಗಿ ಕೆತ್ತಿ, ಉಪ್ಪು ನಿಂಬೆಹಣ್ಣಿನ ನೀರಿನಲ್ಲಿ ಅದ್ದಿ, ಒಲೆಯ ಮೇಲೆ ದಾರದಲ್ಲಿ ತೂಗುಹಾಕಿದರೆ ಮೂರು ವಾರದಲ್ಲಿ ಅದು ಸುಕ್ಕಾಗಿ ಮನುಷ್ಯರ ಮುಖವಾಗುತ್ತದೆ. ಯಾವ ಮುಖ ಅನ್ನುವುದು ಕೆತ್ತುವವರ ಕೈಯಲ್ಲಿಲ್ಲ. ಒಂದು ಸಿಡುಕಿ ಆಗುತ್ತದೆ, ಇನ್ನೊಂದು ಪಾದ್ರಿಯಂತೆ ಗಂಭೀರವಾಗುತ್ತದೆ, ಮತ್ತೊಂದು ಹಲ್ಲುನೋವಿನವನ ಹಾಗೆ ಒಂದು ಕಡೆಗೆ ಸೊಟ್ಟಗಾಗುತ್ತದೆ.

ಆ ವರ್ಷ ಇಪ್ಪತ್ತಮೂರು ಕೆತ್ತಿ ಮುಗಿಸಿದಾಗ ಬುಟ್ಟಿ ಖಾಲಿ. ಒಂದು ಹಣ್ಣು ಒಳಗೆ ಹುಳ ಹಿಡಿದು ಕೈಬಿಟ್ಟಿತ್ತು. ತೋಟವನ್ನು ಗುತ್ತಿಗೆಗೆ ಹಿಡಿದವರು ಎಲ್ಲ ಬಿಡಿಸಿಕೊಂಡು ಹೋಗಿದ್ದರು. ಹಣ್ಣು ಉಳಿದಿದ್ದ ಮರ ಒಂದೇ: ಮನೆಯ ಹಿಂದೆ, ಹಳೇ ಶೆಡ್ ಇದ್ದ ಜಾಗದಲ್ಲಿ ತಾನಾಗಿ ಎದ್ದದ್ದು. ಯಾರೂ ನೆಟ್ಟದ್ದಲ್ಲ, ಅದರ ಹಣ್ಣಿಗೆ ಹೆಸರಿಲ್ಲ, ಹುಳಿಯೆಂದರೆ ಹಸುವೂ ಮೂಸಿ ಬಿಡುವಷ್ಟು. ಆ ಮರದ ಕೆಳಗೆ ನೆಟ್ಟಿ ಹೋಗುತ್ತಲೇ ಇರಲಿಲ್ಲ. ಅವತ್ತು ಹೋದಳು. ಮಧ್ಯಾಹ್ನದ ಬಿಸಿಲಿತ್ತು, ಅಕ್ಕ ಕಿಟಕಿಯಿಂದ “ಬೇಗ ಬಾರೇ, ಸೂಪು ಆರುತ್ತೆ” ಅಂತ ಕೂಗುತ್ತಿದ್ದಳು. ಕೈಗೆಟುಕಿದ ಒಂದು ಹಣ್ಣು ಕಿತ್ತುಕೊಂಡು ಬಂದಳು.

ಸಿಪ್ಪೆ ತೆಗೆಯುವಾಗ ಹೊಗೆಯ ವಾಸನೆ ಬಂತು. ಒಲೆ ನೋಡಿದಳು, ಆರಿತ್ತು. ಕೈ ಮೂಸಿದಳು. “ಅಕ್ಕ, ಎಲ್ಲಾದ್ರೂ ಸುಡ್ತಿದೆಯಾ?” ಅಂದಳು.

“ನಿನ್ನ ತಲೆ ಸುಡ್ತಿರಬೇಕು. ಬೆಳಗ್ಗಿಂದ ಬಗ್ಗಿಕೊಂಡು ಕೂತಿದ್ದೀಯ” ಅಂದಳು ಆರ್ಫಾ.

ಆರ್ಫಾಳಿಗೆ ಎಪ್ಪತ್ತೈದು, ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಿಕೊಡಬೇಕಿತ್ತು, ಆಮೇಲೆ ಬೆರಳಿನಲ್ಲೇ ಹೊಲಿಯುತ್ತಿದ್ದಳು. ನೆಟ್ಟಿಗೆ ಅರವತ್ತಮೂರು. ಇಬ್ಬರೂ ಮದುವೆಯಾಗಲಿಲ್ಲ. ನೆಟ್ಟಿ ಮೂವತ್ತೈದು ವರ್ಷ ಊರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದಳು. ಆ ಕೆಲಸವನ್ನೇ ಏಕೆ ಹಿಡಿದಳೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ಕೈಬರಹಕ್ಕಾಗಿ ಅವಳು ದಿನಾ ಬೆಳಗ್ಗೆ ಅಂಚೆ ಚೀಲ ಬಿಚ್ಚುತ್ತಿದ್ದಳು. ಅದು ಬರಲೇ ಇಲ್ಲ.

ಅದು ನೆಟ್ಟಿಯ ಅಣ್ಣ ಆಲ್ಟನ್‌ದು. ಆರ್ಫಾಳಿಗಿಂತ ಮೂರು ವರ್ಷ ಚಿಕ್ಕವನು, ನೆಟ್ಟಿಗಿಂತ ಒಂಬತ್ತು ವರ್ಷ ದೊಡ್ಡವನು. ಸಾವಿರದ ಒಂಬೈನೂರ ಮೂವತ್ತೆಂಟರ ಹ್ಯಾಲೋವೀನ್ ಸಂಜೆ ಅಪ್ಪನ ಸೇಬು ಒಣಗಿಸುವ ಶೆಡ್ ಸುಟ್ಟುಹೋಯಿತು. ಆ ವರ್ಷದ ಇಡೀ ಬೆಳೆ ಅದರೊಳಗಿತ್ತು. ಶೆಡ್ಡಿನ ಹಿಂಬಾಗಿಲಲ್ಲಿ ಆಲ್ಟನ್‌ನ ಸಿಗರೇಟಿನ ಡಬ್ಬಿ ಸಿಕ್ಕಿತು. ಅಲ್ಲಿ ಸೇದುತ್ತಿದ್ದೆ ಅಂತ ಅವನು ಒಪ್ಪಿಕೊಂಡ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಕೊನೆಗೆ “ಇನ್ನೊಂದು ಸಲ ನನಗೆ ಮುಖ ತೋರಿಸಬೇಡ” ಅಂದ. ಹತ್ತೊಂಬತ್ತರ ಹುಡುಗ ಬೆಳಗಾಗುವುದರೊಳಗೆ ಹೋಗಿಬಿಟ್ಟ. ಆಮೇಲೆ ಅಮ್ಮ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಬಂದಾಗಲೆಲ್ಲ ಮೇಜಿಗೆ ಒಂದು ತಟ್ಟೆ ಹೆಚ್ಚು ಇಡುತ್ತಿದ್ದಳು. ಅಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಊಟ ಮಾಡುತ್ತಿದ್ದ.

*

ಮೊದಲ ವಾರ ಎಲ್ಲ ತಲೆಗಳೂ ಒಂದೇ ತರ ಇದ್ದವು. ಎರಡನೆಯ ವಾರ ಸುಕ್ಕು ಬಿತ್ತು. ಅಡುಗೆಮನೆಯ ಬಾಗಿಲು ತೆಗೆದಾಗಲೆಲ್ಲ ಗಾಳಿ ಬೀಸಿ ದಾರಗಳು ತಿರುಗುತ್ತಿದ್ದವು, ತಲೆಗಳು ಆ ಕಡೆ ಈ ಕಡೆ ನೋಡುತ್ತಿದ್ದವು. ಗಾಳಿ ನಿಂತಾಗ ಒಂದೊಂದು ಒಂದೊಂದು ದಿಕ್ಕಿಗೆ ನಿಲ್ಲುತ್ತಿತ್ತು. ಕೊನೆಯ ಸಾಲಿನ ಕೊನೆಯದು, ಆ ಹೆಸರಿಲ್ಲದ ಮರದ್ದು, ಮಾತ್ರ ಯಾವಾಗಲೂ ನೆಟ್ಟಿ ಕೂರುವ ಕುರ್ಚಿಯ ಕಡೆಗೇ ತಿರುಗಿ ನಿಲ್ಲುತ್ತಿತ್ತು. ಅವಳು ದಾರ ಬಿಚ್ಚಿ ಉಲ್ಟಾ ಕಟ್ಟಿದಳು. ಮಾರನೆಯ ದಿನ ಕಾಫಿ ಕುಡಿಯಲು ಕೂತರೆ ಅದು ಅವಳನ್ನೇ ನೋಡುತ್ತಿತ್ತು.

ಹನ್ನೊಂದನೆಯ ದಿನ ಅದರ ಎಡ ಹುಬ್ಬಿನ ಮೇಲೆ ಒಂದು ಬಿರುಕು ಎದ್ದಿತು. ಬಿರುಕು ಹುಬ್ಬನ್ನು ಅಡ್ಡವಾಗಿ ಸೀಳಿ ಕೆನ್ನೆಯ ಕಡೆಗೆ ಸ್ವಲ್ಪ ಬಾಗಿತ್ತು. ನೆಟ್ಟಿ ಕಾಫಿ ಲೋಟ ಕೆಳಗಿಟ್ಟಳು. ಆಲ್ಟನ್‌ಗೆ ಹನ್ನೆರಡು ವರ್ಷವಿದ್ದಾಗ ಕುದುರೆ ಒದ್ದು ಅಲ್ಲೇ, ಹಾಗೇ ಗಾಯವಾಗಿತ್ತು.

ಅಲ್ಲಿಂದ ಮುಂದೆ ಅದು ದಿನದಿನಕ್ಕೆ ಅವನಾಗುತ್ತಾ ಬಂತು. ಕೆಳದುಟಿ ಮುಂದೆ ಬಂತು, ಅವನ ಹಾಗೆ. ಕಿವಿಯ ಹತ್ತಿರ ತಿರುಳು ಒಳಗೆ ಸರಿದು ಉದ್ದ ದವಡೆ ಎದ್ದು ಕಂಡಿತು. ಆದರೆ ಅವಳು ಕಂಡ ಹತ್ತೊಂಬತ್ತರ ಮುಖವಲ್ಲ. ಎಪ್ಪತ್ತು ದಾಟಿದವನ ಮುಖ. ಅವಳು ಎಂದೂ ನೋಡದ ಮುಖ, ಆದರೆ ನೋಡಿದ ಕೂಡಲೇ ಗುರುತು ಹಿಡಿಯಬಹುದಾದ ಮುಖ.

ಮಧ್ಯಾಹ್ನ ಅಕ್ಕ ಮಲಗಿದ್ದಾಗ ನೆಟ್ಟಿ ಅದರ ದಾರ ಕತ್ತರಿಸಿ ಅದನ್ನು ಕೋಳಿಗೆ ಹಾಕುವ ಬಕೆಟ್ಟಿನೊಳಗೆ ಎಸೆದಳು, ಮೇಲೆ ಆಲೂಗಡ್ಡೆ ಸಿಪ್ಪೆ ಸುರಿದಳು. ಸಂಜೆ ಬಂದು ನೋಡಿದರೆ ಆರ್ಫಾ ಮೇಜಿನ ಮುಂದೆ ಕೂತಿದ್ದಳು. ಅಂಗೈಯಲ್ಲಿ ಅದೇ ತಲೆ.

“ಒಳ್ಳೇ ತಲೆ ಯಾಕೆ ಎಸೆದಿದ್ದೀಯೇ? ಇಪ್ಪತ್ತಮೂರೇ ಇವೆ, ಎಣಿಸಿದೆ” ಅಂದಳು.

“ಅದು ಕೆಟ್ಟಿದೆ ಅಕ್ಕ. ಬಿಡು.”

“ಕೆಟ್ಟಿಲ್ಲ, ಗಟ್ಟಿಯಾಗಿದೆ.” ಆರ್ಫಾ ಹೆಬ್ಬೆರಳಿನಿಂದ ಮುಖ ಸವರುತ್ತಿದ್ದಳು, ಬಟ್ಟೆಯ ನೇಯ್ಗೆ ನೋಡುವ ಹಾಗೆ. ಹಣೆ, ಮೂಗು, ತುಟಿ. ಬೆರಳು ಎಡ ಹುಬ್ಬಿಗೆ ಬಂತು. ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.



“ನೆಟ್ಟಿ, ಇದನ್ನ ಬೇಕಂತ ಮಾಡಿದ್ಯಾ?”

“ಇಲ್ಲ.”

“ನನ್ನ ಹತ್ರ ಸುಳ್ಳು ಹೇಳಬೇಡ.”

“ನಾನು ಎಲ್ಲದರ ಹಾಗೇ ಕೆತ್ತಿದೆ ಅಕ್ಕ. ಅವನಿಗೆ ವಯಸ್ಸಾದರೆ ಹೇಗೆ ಕಾಣ್ತಾನೆ ಅಂತ ನನಗೇನು ಗೊತ್ತು?”

ಆರ್ಫಾ ಅದನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟಳು. ಆಮೇಲೆ, “ದೂಳು ಒರೆಸಿ ಮತ್ತೆ ಕಟ್ಟು. ಕೋಳಿಗೆ ಹಾಕೋ ವಸ್ತುವಾ ಇದು?” ಅಂದು ಎದ್ದು ಹೋದಳು. ಆ ವಾರ ಆ ಗೊಂಬೆಗೆ ಅವಳು ಹೊಲಿದದ್ದು ನೀಲಿ ಚೌಕಳಿ ಅಂಗಿ, ಕಾಲರಿಗೆ ಎರಡು ಸಾಲು ಹೊಲಿಗೆ, ನಿಜವಾದ ಮನುಷ್ಯನಿಗೆ ಹೊಲಿದಷ್ಟು ಮುತುವರ್ಜಿ. ಕಣ್ಣಿಗೆ ಲವಂಗ ಚುಚ್ಚುವುದು ನೆಟ್ಟಿಯ ಕೆಲಸ. ಉಳಿದ ಇಪ್ಪತ್ತಮೂರಕ್ಕೂ ಚುಚ್ಚಿದಳು. ಇದಕ್ಕೆ ಚುಚ್ಚಲು ಕೈ ಬರಲಿಲ್ಲ. ಅಕ್ಕನೇ ತಡವರಿಸಿ ಚುಚ್ಚಿದಳು.

ಕಣ್ಣು ಬಂದ ಮೇಲೆ ನೆಟ್ಟಿ ಅಡುಗೆಮನೆಯಲ್ಲಿ ಒಬ್ಬಳೇ ಕೂರುವುದನ್ನು ಬಿಟ್ಟಳು.

*

ಶನಿವಾರ ಸಂಜೆ ಐದಕ್ಕೆಲ್ಲ ಹಾಲ್ ತುಂಬಿತು. ಹುರಿದ ಹಂದಿಮಾಂಸ, ಬೀನ್ಸು, ಬೇಯಿಸಿದ ಸ್ಕ್ವಾಷ್ ಕಾಯಿ, ಕುಂಬಳಕಾಯಿ ಪೈ, ಬಿಸಿ ಸೇಬಿನ ರಸ. ಸಂಘದ ಅಧ್ಯಕ್ಷ ಡೆಲ್ಬರ್ಟ್ ಹೈಟ್ ಮೇಜಿನಿಂದ ಮೇಜಿಗೆ ಹೋಗಿ ಗೊಂಬೆಗಳನ್ನು ಎತ್ತಿ ನೋಡುತ್ತಾ ಪ್ರತಿ ವರ್ಷದ ಹಾಗೆ ಹಾಸ್ಯ ಮಾಡುತ್ತಿದ್ದ.

“ನೆಟ್ಟಿ, ನಮ್ಮ ಅತ್ತೆಯನ್ನ ಮತ್ತೆ ಮಾಡಿದ್ದೀಯಲ್ಲ! ಹೋದ ವರ್ಷಾನೇ ಹೂತು ಬಂದೆ ಕಣಮ್ಮ, ಮತ್ತೆ ಯಾಕೆ ಎಬ್ಬಿಸಿದೆ?”

“ನಿನ್ನ ಅತ್ತೆ ಇಷ್ಟು ಚೆನ್ನಾಗಿರಲಿಲ್ಲ ಬಿಡು” ಅಂದಳು ಅವನ ಹೆಂಡತಿಯೇ. ಎಲ್ಲರೂ ನಕ್ಕರು.

ನೆಟ್ಟಿ ಆ ಗೊಂಬೆಯನ್ನು ಕೊನೆಯ ಮೇಜಿನಲ್ಲಿ, ಕಂಬದ ಮರೆಗೆ ಇಟ್ಟಿದ್ದಳು. ಆ ಮೇಜಿನಲ್ಲಿ ಯಾರೂ ಕೂರದಿರಲಿ ಅಂದುಕೊಂಡಿದ್ದಳು. ಪೈ ಬಡಿಸುವ ಹೊತ್ತಿಗೆ ಆ ಕಡೆಯಿಂದ ತಟ್ಟೆ ಬಿದ್ದ ಸದ್ದಾಯಿತು. ದಪ್ಪನೆಯ ಒಬ್ಬ ಹೆಂಗಸು, ಅರವತ್ತರ ಆಸುಪಾಸಿನವಳು, ಎದ್ದು ನಿಂತಿದ್ದಳು. ಆಕೆ ಊರಿನವಳಲ್ಲ. ಯಾರದೋ ನೆಂಟಳು, ಸರೋವರದ ದಂಡೆಯ ಆಸ್ವಿಗೊದಿಂದ ಬಂದವಳು, ಹೆಸರು ಸ್ಟೆಫಾ ಡೂಡೆಕ್.

“ಯಾರು ಮಾಡಿದ್ದು ಇದನ್ನ?” ಅಂದಳು. ಗೊಂಬೆ ಅವಳ ಕೈಯಲ್ಲಿತ್ತು. “ಯಾರ್ರೀ ಮಾಡಿದ್ದು?”

ನೆಟ್ಟಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. “ನಾನು.”

“ನಿಮಗೆ ಆಲ್ ಗೊತ್ತಿತ್ತಾ?”

“ಯಾವ ಆಲ್?”

“ನಮ್ಮ ಆಲ್ ಸೀಲಿ! ನಮ್ಮನೆ ಮಹಡಿ ಮೇಲೆ ಇಪ್ಪತ್ತಾರು ವರ್ಷ ಬಾಡಿಗೆಗಿದ್ದ ಕಣ್ರೀ. ಮೊದಲು ಹಡಗಿನಲ್ಲಿ ಇದ್ದ, ಆಮೇಲೆ ಧಾನ್ಯದ ಗೋದಾಮಿನಲ್ಲಿ ಕಾವಲು. ಇದೇ ಹುಬ್ಬು, ಇದೇ ತುಟಿ. ಇದೇ ನೀಲಿ ಅಂಗಿ ಹಾಕ್ತಿದ್ದ. ಹೋದ ಮಾರ್ಚಲ್ಲಿ ಹೋಗ್ಬಿಟ್ಟ. ನಿದ್ದೇಲೇ ಹೋದ, ಪಾಪ.” ಅವಳು ಗೊಂಬೆಯನ್ನು ಎದೆಗೆ ಒತ್ತಿಕೊಂಡಳು. “ನೋಡಿದ ಕೂಡಲೇ ಕೈಯಿಂದ ತಟ್ಟೆನೇ ಜಾರಿತು ನಂಗೆ.”

ಆರ್ಫಾ ಕುರ್ಚಿಗಳನ್ನು ಮುಟ್ಟಿಕೊಂಡು ಹಿಂದೆಯೇ ಬಂದಿದ್ದಳು. “ಸೀಲಿ ಅಂದ್ರಾ?” ಅಂದಳು.

“ಹೌದು. ಆಲ್ ಸೀಲಿ.”

“ಸೀಲಿ ನಮ್ಮಮ್ಮನ ತವರಿನ ಹೆಸರು” ಅಂದಳು ಆರ್ಫಾ ತಂಗಿಯ ಕಡೆ ತಿರುಗಿ, ನೆಟ್ಟಿಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ. ಆಮೇಲೆ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟಳು.

ಆಸ್ವಿಗೊ ಕಾರಿನಲ್ಲಿ ಒಂದು ಗಂಟೆಯ ಹಾದಿ. ಇಪ್ಪತ್ತಾರು ವರ್ಷ ಅವನು ಇಷ್ಟೇ ದೂರದಲ್ಲಿ ಇದ್ದ. ಅದೇ ಸರೋವರದ ಗಾಳಿ ಅವನ ಕಿಟಕಿಗೂ ಬಡಿದಿತ್ತು.

ಸ್ಟೆಫಾ ಹೊರಡುವಾಗ ಸಂಕೋಚಪಡುತ್ತಲೇ ಕೇಳಿದಳು: “ಇದನ್ನ ನಾನು ತಗೊಂಡು ಹೋಗ್ಲಾ? ಅವನ ರೂಮು ಇನ್ನೂ ಹಾಗೇ ಇದೆ. ಅವನದು ಅಂತ ಒಂದು ಫೋಟೋನೂ ಇಲ್ಲ ನನ್ನ ಹತ್ರ. ತೆಗೆಸ್ಕೊಳ್ಳೋಕೆ ಒಪ್ಪುತ್ತಿರಲಿಲ್ಲ.”

“ತಗೊಂಡು ಹೋಗಿ” ಅಂದಳು ನೆಟ್ಟಿ, ಬಹಳ ಬೇಗ.

“ಅವನು ನನ್ನ ತಮ್ಮ. ಸೋಮವಾರ ಬರ್ತೀವಿ” ಅಂದಳು ಆರ್ಫಾ.

*

ಸ್ಟೆಫಾಳ ಮನೆ ಬಂದರಿನ ಇಳಿಜಾರಿನಲ್ಲಿತ್ತು. ಕಿರಿದಾದ ಮರದ ಮನೆ. ಮೆಟ್ಟಿಲ ಮೇಲೆ ಅವಳ ಮೊಮ್ಮಕ್ಕಳು ಇಟ್ಟ ಕುಂಬಳಕಾಯಿ ಮುಖಗಳು, ಗಾಳಿಗೆ ಅಲುಗುವ ಬಟ್ಟೆಯ ದೆವ್ವ. ಸ್ಟೆಫಾ ಅವರನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಬಾಗಿಲು ತೆಗೆದಾಗ ನೆಟ್ಟಿ ಮೊದಲು ನೋಡಿದ್ದು ಕಿಟಕಿ. ಕಿಟಕಿಯ ದಂಡೆಯ ಮೇಲೆ ಗೊಂಬೆ ಕೂತಿತ್ತು, ಬೆನ್ನಿಗೆ ಸರೋವರ, ಮುಖ ಬಾಗಿಲ ಕಡೆ.

ಒಂದು ಮಂಚ, ಒಂದು ಮೇಜು, ಎರಡು ಕೋಟು. ಗೋಡೆಗೆ ನೀರು ತುಂಬಿದ ಮೂರು ಬಕೆಟ್ಟು ಸಾಲಾಗಿ. ಸ್ಟೆಫಾ ಸತ್ತವನ ಕೋಣೆಯ ಬಕೆಟ್ಟಿಗೂ ನೀರು ಬದಲಿಸುತ್ತಾ ಬಂದಿದ್ದಳು.

“ಬೆಂಕಿ ಅಂದ್ರೆ ಅವನಿಗೆ ಪ್ರಾಣಭಯ” ಅಂದಳು. “ಒಲೆ ಆರಿಸಿದ್ದೀಯಾ ಅಂತ ದಿನಕ್ಕೆ ಮೂರು ಸಲ ಇಳಿದು ಬಂದು ಕೇಳ್ತಿದ್ದ. ಹ್ಯಾಲೋವೀನ್ ಬಂದ್ರೆ ಬೀದಿ ಮಕ್ಕಳಿಗೆಲ್ಲ ಅವನೇ ಕುಂಬಳಕಾಯಿ ಕೊರೆದು ಕೊಡೋದು. ಎಂಥಾ ಮುಖ ಕೊರೀತಿದ್ದ ಗೊತ್ತಾ! ಆದರೆ ಒಳಗೆ ಮೇಣದಬತ್ತಿ ಇಡೋಕೆ ಬಿಡ್ತಿರಲಿಲ್ಲ. ತಾನೇ ಸಣ್ಣ ಟಾರ್ಚು ತಂದು ಕೊಡ್ತಿದ್ದ. ಯಾಕೋ ಆಲ್ ಅಂತ ನಾನೊಂದು ಸಲ ಕೇಳಿದೆ.”

“ಏನಂದ?” ಅಂದಳು ಆರ್ಫಾ.

“‘ನಾನೊಂದು ಸಿಗರೇಟು ಸರಿಯಾಗಿ ಆರಿಸಲಿಲ್ಲ ಸ್ಟೆಫಾ, ನಮ್ಮಪ್ಪನ ಇಡೀ ವರ್ಷದ ದುಡಿಮೆ ಸುಟ್ಟೆ’ ಅಂದ. ‘ಆರಿಸಿದೆ ಅಂತಲೇ ನೆನಪು. ಕಾಲಲ್ಲಿ ಒರೆಸಿದ್ದೂ ನೆನಪಿದೆ. ಆದರೆ ಆರಿಸಿರಲಿಲ್ಲ ಅಂತಾಯ್ತಲ್ಲ’ ಅಂದ. ಮನೆಗೆ ಹೋಗು ಅಂದೆ ನಾನು. ‘ಯಾವ ಮುಖ ಇಟ್ಕೊಂಡು ಹೋಗ್ಲಿ’ ಅಂದ. ಅಷ್ಟೇ. ಮತ್ತೆ ಆ ಮಾತೇ ಎತ್ತಲಿಲ್ಲ.”

ನೆಟ್ಟಿ ಮಂಚದ ಕಂಬ ಹಿಡಿದುಕೊಂಡಿದ್ದಳು. ಇಷ್ಟು ವರ್ಷ ಅವಳು ಒಂದು ಸಮಾಧಾನ ಇಟ್ಟುಕೊಂಡಿದ್ದಳು: ಆಲ್ಟನ್‌ಗೆ ತಾನು ಮಾಡಿಲ್ಲ ಅಂತ ಗೊತ್ತಿರುತ್ತದೆ, ಎಲ್ಲೋ ಸಿಟ್ಟಿನಲ್ಲಿ, ಅಭಿಮಾನದಲ್ಲಿ, ತಲೆಯೆತ್ತಿಕೊಂಡು ಬದುಕುತ್ತಿರುತ್ತಾನೆ. ಅವನು ತನ್ನದೇ ತಪ್ಪೆಂದು ನಂಬಿಬಿಟ್ಟಿರಬಹುದು ಎನ್ನುವುದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಿಟಕಿಯ ದಂಡೆಯಿಂದ ಗೊಂಬೆ ನೋಡುತ್ತಿತ್ತು.

“ಅವನು ಆರಿಸಿದ್ದ” ಅಂದಳು ನೆಟ್ಟಿ. ದನಿ ಅವಳದೇ ಅಲ್ಲದ ಹಾಗಿತ್ತು. “ಅವನ ಸಿಗರೇಟಿಂದ ಆಗಿದ್ದಲ್ಲ ಅದು. ನಾನು ಮಾಡಿದ್ದು.”

ಆರ್ಫಾ ತಿರುಗಿದಳು.

“ನಾನೊಂದು ಚಿಕ್ಕ ಕುಂಬಳಕಾಯಿ ಕೊರೆದಿದ್ದೆ ಅಕ್ಕ. ಮೊದಲನೇ ಸಲ ಒಬ್ಬಳೇ ಕೊರೆದಿದ್ದು. ಅವನನ್ನ ಹೆದರಿಸಬೇಕಿತ್ತು. ಹಿಂಬಾಗಿಲಲ್ಲಿ ಸೇದ್ತಾನೆ ಅಂತ ಗೊತ್ತಿತ್ತು, ಮೇಲೆ ನೋಡಿದ್ರೆ ಬೆಚ್ಚಿಬೀಳಲಿ ಅಂತ ಶೆಡ್ಡಿನ ಮೇಲಂತಸ್ತಿನ ಕಿಟಕೀಲಿ ಇಟ್ಟು ಒಳಗೆ ಮೇಣದಬತ್ತಿ ಹಚ್ಚಿ ಬಂದೆ. ಸುತ್ತ ಒಣ ಸಿಪ್ಪೆ ರಾಶಿ. ಅಮ್ಮ ಊಟಕ್ಕೆ ಕರೆದಳು. ಮೇಜಿಂದ ಕಾಣ್ತಿತ್ತು ನನಗೆ. ಮೊದಲು ಅದರ ಕಣ್ಣು, ಬಾಯಿ ಹೊಳೀತಿತ್ತು. ಆಮೇಲೆ ಬಾಯಿ ದೊಡ್ಡದಾಯ್ತು. ಕಿಟಕಿ ಪೂರ್ತಿ ಬಾಯಾಯ್ತು. ನಾನು ನೋಡ್ತಾನೇ ಇದ್ದೆ, ಕೈಯಲ್ಲಿ ಚಮಚ ಹಿಡ್ಕೊಂಡು. ಕೂಗಲಿಲ್ಲ.”

ಕೆಳಗೆ ಬಂದರಿನಲ್ಲಿ ಯಾವುದೋ ಹಡಗು ಶಿಳ್ಳೆ ಹಾಕಿತು.

“ಹತ್ತು ವರ್ಷ ನನಗೆ. ಹೇಳಿದ್ರೆ ನನ್ನನ್ನೂ ಹೊರಗೆ ಹಾಕ್ತಾರೆ ಅಂತ ಅಂದ್ಕೊಂಡೆ. ನಾಳೆ ಹೇಳ್ತೀನಿ ಅಂದ್ಕೊಂಡೆ. ಬೆಳಗ್ಗೆ ಎದ್ದರೆ ಅವನಿರಲಿಲ್ಲ.”

ಸ್ಟೆಫಾ ಬಾಯಿಗೆ ಸೆರಗಿನ ಹಾಗೆ ಏಪ್ರನ್ ಒತ್ತಿಕೊಂಡು ಅಳುತ್ತಿದ್ದಳು. ಆರ್ಫಾ ಅಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ಗೊಂಬೆಯ ಕಾಲರು ಸರಿಮಾಡಿದಳು.

“ಇದು ಇಲ್ಲೇ ಇರಲಿ” ಅಂದಳು ಸ್ಟೆಫಾಳಿಗೆ. “ಅವನನ್ನ ಎಲ್ಲಿ ಮಣ್ಣು ಮಾಡಿದ್ದೀರಿ? ಅಲ್ಲಿಗೆ ಕರ್ಕೊಂಡು ಹೋಗಿ.”

ಗುಡ್ಡದ ಮೇಲಿನ ಸ್ಮಶಾನದಲ್ಲಿ ಕಲ್ಲು ಇರಲಿಲ್ಲ, ತಗಡಿನ ಒಂದು ಗುರುತು ಇತ್ತು: ಆಲ್ ಸೀಲಿ. ನೆಟ್ಟಿ ದಾರಿಯುದ್ದಕ್ಕೂ ಕೂಡಿಸಿಕೊಂಡ ಮಾತುಗಳೆಲ್ಲ ಅಲ್ಲಿ ಒಣಗಿಹೋದವು. “ನೀನು ಆರಿಸಿದ್ದೆ” ಅಂತ ಎರಡು ಸಲ ಹೇಳಿದಳು. ಗಾಳಿ ಜೋರಾಗಿತ್ತು. ಅವಳಿಗೇ ಅದು ಕೇಳಿಸಲಿಲ್ಲ.

*

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಆರ್ಫಾ ಮುಂದಿನ ಗಾಜನ್ನೇ ನೋಡುತ್ತಾ ಹೇಳಿದಳು: “ಅಮ್ಮ ಸಾಯೋ ದಿನ ಮೂರು ಸಲ ಕೇಳಿದ್ಲು, ಅವನು ಬಂದ್ನಾ ಅಂತ. ನೀನು ಪಕ್ಕದಲ್ಲೇ ಕೂತು ಕಾಲು ಒತ್ತುತ್ತಿದ್ದೆ.”

“ಹೌದು.”

“ಆಗಲೂ ಹೇಳಲಿಲ್ಲ.”

“ಇಲ್ಲ.”

ಮನೆಗೆ ಬಂದ ಮೇಲೆ ಆರ್ಫಾ ತನ್ನ ತಟ್ಟೆ ತೆಗೆದುಕೊಂಡು ಮುಂದಿನ ಕೋಣೆಗೆ ಹೋದಳು. ಮಂಗಳವಾರ ಅಲ್ಲೇ ತಿಂದಳು, ಬುಧವಾರವೂ ಅಲ್ಲೇ. ಸೂಜಿಗೆ ದಾರ ಪೋಣಿಸಲು ಕರೆಯಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಮೇಲೆ ಇಪ್ಪತ್ತನಾಲ್ಕು ಖಾಲಿ ದಾರ ತೂಗುತ್ತಿದ್ದವು. ನೆಟ್ಟಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುವಾಗ ಅವುಗಳಲ್ಲಿ ಒಂದು ಭಾರಕ್ಕೆ ಬಿಗಿದ ಹಾಗೆ ನೆಟ್ಟಗೆ ನಿಂತಿದೆ ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಎಲ್ಲವೂ ಅಲ್ಲಾಡುತ್ತಿರುತ್ತಿದ್ದವು. ಅವಳು ಅವನ್ನು ಕತ್ತರಿಸಿ ತೆಗೆಯಲಿಲ್ಲ. ತೆಗೆಯುವ ಹಕ್ಕು ತನಗಿಲ್ಲ ಅನ್ನಿಸಿತು.

ಗುರುವಾರ ಹ್ಯಾಲೋವೀನ್. ನಾಲ್ಕು ಗಂಟೆಗೆಲ್ಲ ಬೀದಿಯ ಮಕ್ಕಳು ಬರತೊಡಗಿದರು, ಮಾಟಗಾತಿ, ಅಸ್ಥಿಪಂಜರ, ತಲೆಗೆ ರಟ್ಟಿನ ಡಬ್ಬಿ ಹಾಕಿಕೊಂಡ ಒಬ್ಬ. ಬಾಗಿಲಿಗೆ ಇಬ್ಬರೂ ಹೋಗಲೇಬೇಕಾಯಿತು, ಒಬ್ಬರು ಬಾಗಿಲು ಹಿಡಿಯಲು, ಒಬ್ಬರು ಮಿಠಾಯಿ ಕೊಡಲು. “ನೀನೇನಪ್ಪಾ, ಡಬ್ಬಿ ರಾಯನಾ?” ಅಂತ ಆರ್ಫಾ ಕೇಳಿದಳು. “ಅಲ್ಲಜ್ಜಿ, ರೋಬೋ!” ಅಂದ ಹುಡುಗ ರೇಗಿ. ನಾಲ್ಕು ದಿನದಲ್ಲಿ ಮೊದಲ ಸಲ ಆರ್ಫಾಳ ಮುಖ ಸಡಿಲವಾಯಿತು. ಮಕ್ಕಳು ಹೋದ ಮೇಲೆ ಬಾಗಿಲು ಮುಚ್ಚದೆ ಹಾಗೇ ನಿಂತಳು.

“ಆ ಬತ್ತಿ ಎಲ್ಲಿಂದ ತಂದೆ?” ಅಂದಳು.

“ಯಾವ ಬತ್ತಿ?”

“ಕುಂಬಳಕಾಯಿಗೆ ಇಟ್ಟ ಬತ್ತಿ.”

ನೆಟ್ಟಿ ನೆಲ ನೋಡಿದಳು. “ನಿನ್ನ ಡ್ರಾಯರಿನಿಂದ. ಬಿಳಿದು. ನೀನು ಚರ್ಚಿಗೆ ಅಂತ ಇಟ್ಟಿದ್ದು.”

“ಅದೇ.” ಆರ್ಫಾ ಮಿಠಾಯಿಯ ಬಟ್ಟಲನ್ನು ಮೊಣಕಾಲಿನ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. “ಬತ್ತಿ ಕಾಣ್ತಿಲ್ಲ ಅಂತ ಸಂಜೇನೇ ನೋಡಿದ್ದೆ. ಬೆಂಕಿ ಆರಿದ ಮೇಲೆ ಅಪ್ಪ ಕೇಳಿದ್ರು. ಆಲ್ಟನ್ ಸಿಗರೇಟು ಮಾತ್ರ ಒಪ್ಕೊಂಡಿದ್ದ. ನಾನು ಹೇಳಿದೆ, ನನ್ನ ಬತ್ತಿನೂ ಇವನೇ ತಗೊಂಡಿರಬೇಕು, ಕೇಳಿ ಅಂತ. ಅವನು ಇಲ್ಲ ಅಂದ. ಅಪ್ಪ ನಂಬಲಿಲ್ಲ. ಸುಳ್ಳೂ ಹೇಳ್ತೀಯಾ ಅಂದ್ರು. ಮುಖ ತೋರಿಸಬೇಡ ಅಂದದ್ದು ಅದಾದ ಮೇಲೆ. ಅವತ್ತು ಅವನು ನನ್ನ ಕಡೆ ನೋಡಿದ ನೋಟ ನನಗೆ ಈಗಲೂ ಕಾಣುತ್ತೆ. ಕಣ್ಣು ಹೋಗ್ತಾ ಇದೆ, ಅದು ಮಾತ್ರ ಹೋಗಲ್ಲ.”

ನೆಟ್ಟಿ ಅಕ್ಕನ ಪಕ್ಕ ಕೂತಳು, ಒಂದು ಮೊಳ ಅಂತರ ಬಿಟ್ಟು. ಆಚೆ ಮನೆಯ ಮೆಟ್ಟಿಲಿನಲ್ಲಿ ಯಾರೋ ಕುಂಬಳಕಾಯಿಯೊಳಗೆ ಬತ್ತಿ ಹಚ್ಚಿದರು. ಇಬ್ಬರೂ ಅದನ್ನೇ ನೋಡಿದರು, ಅದು ಆರುವವರೆಗೂ ಎದ್ದು ಒಳಗೆ ಹೋಗಲಿಲ್ಲ.

ಭಾನುವಾರ ಚರ್ಚಿನಲ್ಲಿ ಆ ವರ್ಷ ತೀರಿಕೊಂಡವರ ಹೆಸರು ಓದುವ ದಿನ. ಮನೆಯವರು ಚೀಟಿ ಬರೆದು ಮೊದಲೇ ಕೊಡಬೇಕು. ನೆಟ್ಟಿ ಬರೆದಳು: ಆಲ್ಟನ್ ಪುಲ್ವರ್. ಪಾಸ್ಟರ್ ಚಿಕ್ಕ ವಯಸ್ಸಿನವರು, ಆ ಹೆಸರು ಕೇಳಿದವರಲ್ಲ. ಓದಿದರು. ಹಿಂದಿನ ಸಾಲುಗಳಲ್ಲಿ ಬಾಗಿದ್ದ ಕೆಲವು ಬಿಳಿ ತಲೆಗಳು ಮೇಲೆದ್ದವು.

ನೆಟ್ಟಿ ಎದ್ದು ನಿಂತಳು. ಹಾಗೆ ಎದ್ದು ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. “ಶೆಡ್ ಸುಟ್ಟದ್ದು ಅವನಲ್ಲ” ಅಂದಳು. “ಈ ಊರಲ್ಲಿ ಎಲ್ಲರೂ ಅವನೇ ಅಂತ ಅಂದುಕೊಂಡಿದ್ದೀರಿ. ಅವನೂ ಹಾಗೇ ಅಂದುಕೊಂಡು ಸತ್ತ. ಬೆಂಕಿ ಇಟ್ಟದ್ದು ನಾನು.” ಹೇಳಿ ಮುಗಿದರೂ ಕೂರಲಿಲ್ಲ.

ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಆರ್ಫಾ ಮುಂದಿನ ಬೆಂಚಿನ ಬೆನ್ನು ಹಿಡಿದು ಎದ್ದಳು. “ಬತ್ತಿ ಅವನೇ ಕದ್ದ ಅಂದದ್ದು ನಾನು” ಅಂದಳು ಎಲ್ಲರಿಗೂ ಕೇಳುವ ಹಾಗೆ. “ಅದನ್ನೂ ಸೇರಿಸಿಕೊಳ್ಳಿ.”

ಹೊರಗೆ ಬಂದಾಗ ಕೆಲವರು ಕೈ ಹಿಡಿದರು, ಕೆಲವರು ದೂರದಿಂದಲೇ ತಲೆ ಆಡಿಸಿ ಹೋದರು. ಡೆಲ್ಬರ್ಟ್ ಹತ್ತಿರ ಬಂದು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕಾರಿನ ತನಕ ಆರ್ಫಾ ತಂಗಿಯ ಮೊಣಕೈ ಹಿಡಿದು ನಡೆದಳು, ದಾರಿ ಕಾಣದ್ದಕ್ಕೆ.

“ಕಲ್ಲು ಹಾಕಿಸಬೇಕು ಅವನಿಗೆ” ಅಂದಳು. “ಪುಲ್ವರ್ ಅಂತ, ನಮ್ಮ ಹೆಸರಲ್ಲಿ.”

“ಹಾಕಿಸೋಣ ಅಕ್ಕ.”

“ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ನನಗೆ. ಹೋಗುತ್ತೆ ಅಂತಲೂ ಹೇಳಲ್ಲ.”

“ಗೊತ್ತು.”

“ಸರಿ, ಬಾಗಿಲು ತೆಗಿ. ಕಾಲು ನೋಯ್ತಿದೆ.”